ಸಾಲಿನ ಮುಂದಿನ ಕಾಲು

ಆ ಗೋದಾಮಿನಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಗಡಿಯಾರ ಅಂದರೆ ಸಾಕು, ಗೇಟಿನ ಕಾವಲುಗಾರನಿಂದ ಹಿಡಿದು ತೂಕದ ಗುಮಾಸ್ತನವರೆಗೆ ಎಲ್ಲರೂ ಅವನತ್ತ ತಿರುಗುತ್ತಿದ್ದರು. ಹಾಗಂತ ಅವನು ಕೈಗೆ ವಾಚು ಕಟ್ಟಿದವನಲ್ಲ, ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಬಂದವನೂ ಅಲ್ಲ. ಅವನ ಬಲಗಾಲು ಹೆಜ್ಜೆ ಊರಿದಾಗಲೆಲ್ಲ ಟಕ್ ಎನ್ನುತ್ತಿತ್ತು. ಹರಡಿನ ಹೊರಮಗ್ಗುಲಲ್ಲಿ ಗುಂಡಗೆ ಉಬ್ಬಿರುತ್ತದಲ್ಲ ಎಲುಬು, ಅದರ ಹಿಂದಿನಿಂದ ಬರುತ್ತಿದ್ದ ಸದ್ದು. ತಲೆಯ ಮೇಲೆ ಮೂಟೆ ಬಿದ್ದರೆ ಇನ್ನೂ ಜೋರು. ಸಂಜೆ ಅವನು ಬೀದಿಯ ತಿರುವಿಗೆ ಬರುತ್ತಿದ್ದಂತೆ ಹೆಂಡತಿಗೆ ಕೇಳಿಸಿ, ಅವಳು ಎದ್ದು ಒಲೆ ಹಚ್ಚುತ್ತಿದ್ದಳು.

ಅದನ್ನು ಯಾರೂ ರೋಗ ಅಂದುಕೊಳ್ಳಲಿಲ್ಲ. ಆದ ಅನಾಹುತವೆಲ್ಲ ಅಲ್ಲಿಂದಲೇ.

ಆ ಕೆಲಸವನ್ನು ಕಣ್ಣಾರೆ ನೋಡದವರಿಗೆ ಇದು ಅರ್ಥವಾಗುವುದು ಕಷ್ಟ. ರೈಲು ವ್ಯಾಗನ್‌ಗಳಿಂದ ಗೊಬ್ಬರದ ಮೂಟೆ ಇಳಿಯುತ್ತದೆ. ಗೋದಾಮಿನೊಳಗೆ ಅದನ್ನು ಸೂರು ಮುಟ್ಟುವಷ್ಟು ಎತ್ತರಕ್ಕೆ ಪೇರಿಸಬೇಕು. ನೆಲದಿಂದ ಪೇರಿಕೆಯ ತಲೆಗೆ ಒಂದು ಉದ್ದನೆಯ ಹಲಗೆ ಓರೆಯಾಗಿ ಒರಗಿರುತ್ತದೆ. ಇಳಿಯುವುದಕ್ಕೆ ಆಚೆ ಬದಿಯಲ್ಲಿ ಇನ್ನೊಂದು. ಆಳುಗಳು ತಲೆಯ ಮೇಲೆ ಮೂಟೆ ಹೊತ್ತು ಒಬ್ಬರ ಬೆನ್ನಿಗೆ ಒಬ್ಬರು ಹತ್ತಿ, ಮೇಲೆ ಕೆಡವಿ, ಆಚೆ ಇಳಿದು, ಮತ್ತೆ ಬರುತ್ತಾರೆ. ಗಾಣದ ಎತ್ತಿನ ಸುತ್ತು. ನಡುವೆ ನಿಂತು ಉಸಿರು ತೆಗೆದುಕೊಳ್ಳುವ ಹಾಗಿಲ್ಲ. ಮೂರು ನಾಲ್ಕು ಜನರ ಭಾರಕ್ಕೆ ಆ ಹಲಗೆ ಬಳುಕುತ್ತದೆ. ಎಲ್ಲರ ಕಾಲೂ ಒಟ್ಟಿಗೆ ಬಿದ್ದರೆ ಹಲಗೆ ಸುಮ್ಮನಿರುತ್ತದೆ. ಒಬ್ಬನ ಹೆಜ್ಜೆ ತಪ್ಪಿತೋ, ಕತ್ತೆ ಒದ್ದ ಹಾಗೆ ಒದೆಯುತ್ತದೆ. ತಲೆಯ ಮೇಲೆ ಮೂಟೆ ಇದ್ದವನ ಕಣ್ಣು ಕೆಳಕ್ಕೆ ಇಳಿಯುವುದಿಲ್ಲ. ಹಲಗೆಯ ಅಂಚು ಎಲ್ಲಿದೆ ಎಂದು ಪಾದವೇ ನೋಡಿಕೊಳ್ಳಬೇಕು.

ಇಂಥ ಕಡೆ ಟಕ್ ಟಕ್ ಎನ್ನುವ ಕಾಲೊಂದು ಸಿಕ್ಕರೆ ಬಿಡುತ್ತಾರೆಯೇ?

ಮೊದಲು ಆ ಕಾಲು ಉಳುಕಿದ್ದು ವ್ಯಾಗನ್‌ನಿಂದ ಹಾರಿ ಇಳಿಯುವಾಗ. ಪಾದ ಒಳಮುಖವಾಗಿ ಮಡಚಿ, ಹರಡು ಕುಂಬಳಕಾಯಿಯಾಯಿತು. ಆ ತಂಡದಲ್ಲಿ ಉಳುಕಿಗೆ ಇದ್ದದ್ದು ಒಂದೇ ಮದ್ದು: ಹಳೇ ಸೈಕಲ್ ಟ್ಯೂಬು. ಪಟ್ಟಿ ಕತ್ತರಿಸಿ, ಎಳೆದು ಎಳೆದು ಸುತ್ತಿ, ಮರುದಿನವೇ ಸಾಲಿಗೆ ನಿಲ್ಲುವುದು. ಒಬ್ಬೊಬ್ಬನ ಚೀಲದಲ್ಲೂ ಅಂಥದೊಂದು ಪಟ್ಟಿ ಇರುತ್ತಿತ್ತು. ಅವನೂ ಸುತ್ತಿಕೊಂಡ. ಊತ ಇಳಿಯಿತು. ಟಕ್ ಎನ್ನುವುದು ಉಳಿಯಿತು.

ಅವನ ಹಿಂದೆ ನಡೆಯುತ್ತಿದ್ದವನು ಕೊಕ್ಕರೆ. ಉದ್ದ ಕತ್ತು, ಕಡ್ಡಿ ಕಾಲು, ಬಾಯಿ ಮಾತ್ರ ಮೂರು ಮಾರು. ಮೊದಲು ಅದನ್ನು ಗಮನಿಸಿದವನು ಅವನೇ.

"ಲೇ, ಇವನ ಕಾಲೊಳಗೆ ಯಾರೋ ಕೂತು ತಾಳ ಹಾಕ್ತಿದಾರೆ ಕಣ್ರೋ. ಕಣ್ಣು ಮುಚ್ಕೊಂಡು ಹತ್ತಬಹುದು!"

ಮೇಸ್ತ್ರಿ ಅಂದೇ ಅವನನ್ನು ಸಾಲಿನ ಮುಂದಕ್ಕೆ ಹಾಕಿದ. ಮುಂದಿನವನೆಂದರೆ ಆ ಗೋದಾಮಿನಲ್ಲಿ ಸುಮ್ಮನೆ ಅಲ್ಲ. ಅವನ ನಡೆಗೆ ಎಲ್ಲರ ನಡೆ. ದಣಿವಾಯಿತು ಎಂದು ಹೇಳುವ ಹಕ್ಕು ಅವನಿಗೆ. ಇನ್ನೊಂದು ವ್ಯಾಗನ್ ಇವತ್ತು ಆಗಲ್ಲ ಎಂದು ಮಾಲೀಕರ ಮುಖಕ್ಕೆ ಹೇಳುವವನೂ ಅವನೇ. ಗಡಿಯಾರ ಆ ಜಾಗವನ್ನು ಗಟ್ಟಿಯಾಗಿ ಹಿಡಿದುಕೊಂಡ. ಸದ್ದಿನ ಜೊತೆ ಒಳಗೊಂದು ಉರಿ ಇದೆ, ಬೆಳಿಗ್ಗೆ ಎದ್ದಾಗ ಪಾದ ಊರಲಾಗುವುದಿಲ್ಲ ಎನ್ನುವುದನ್ನು ಯಾರಿಗೂ ಹೇಳಲಿಲ್ಲ. ಟ್ಯೂಬನ್ನು ಇನ್ನೊಂದು ಸುತ್ತು ಬಿಗಿದ.

ಇಲ್ಲಿ ಒಂದು ಹಳೆಯ ವಿಷಯ ಹೇಳಲೇಬೇಕು. ಅವನು ಮುಂದಿನವನಾದ ಹೊಸತರಲ್ಲಿ, ಕಾಲು ಮುರಿದು ಅರೆಬರೆ ವಾಸಿಯಾದವನೊಬ್ಬ ಕೆಲಸಕ್ಕೆ ಮರಳಿ, ಹಲಗೆಯ ನಡುವೆ ಕುಸಿದು, ಹಿಂದೆ ಬರುತ್ತಿದ್ದವನನ್ನೂ ಕೆಡವಿದ. ಹಿಂದಿನವನು ಇವತ್ತಿಗೂ ಹಾಸಿಗೆಯಿಂದ ಎದ್ದಿಲ್ಲ. ಆಳಿನ ಅಜಾಗರೂಕತೆ ಎಂದು ಮಾಲೀಕರು ಕೈ ತೊಳೆದುಕೊಂಡರು. ತಂಡ ಮೂಟೆ ಕೆಳಗಿಟ್ಟು ಗೇಟಿನೆದುರು ಕೂತಿತು. ಪೊಲೀಸರು ಬಂದು ಎಬ್ಬಿಸಿದರು, ಮತ್ತೆ ಕೂತಿತು. ಕೊನೆಗೆ ಸಿಕ್ಕಿದ್ದು ಹಲಗೆಗೆ ಅಡ್ಡಪಟ್ಟಿ. ಕಾಲು ಜಾರದಿರಲಿ ಎಂದು ಬಡಿದ ಮರದ ಚೂರುಗಳು. ಅಷ್ಟಕ್ಕೇ ಅಷ್ಟು ಲಾಠಿ ಏಟು! ಗೆದ್ದ ದಿನ ಗಡಿಯಾರ ಎದ್ದು ನಿಂತು, ಇನ್ನು ನಮ್ಮದೂ ಒಂದು ಕಟ್ಟಳೆ ಇರಲಿ ಅಂದ. ಪೆಟ್ಟು ತಿಂದು ಮರಳಿ ಬರುವವನು ಮೊದಲು ಒಬ್ಬನೇ ಹಲಗೆ ಹತ್ತಬೇಕು. ತಲೆ ಮೇಲೆ ತುಂಬಿದ ಮೂಟೆ, ಹಿಂದೆ ಯಾರೂ ಇಲ್ಲ, ಸುತ್ತ ತಂಡದ ಕಣ್ಣು. ಸರಿ ಕಂಡರೆ ಸಾಲಿಗೆ, ಇಲ್ಲದಿದ್ದರೆ ಇಲ್ಲ. ಎಲ್ಲರೂ ಹೂಂ ಅಂದರು.

ಆ ಕಟ್ಟಳೆಗೆ ಮೊದಲು ಸಿಕ್ಕವನು ಅವನ ಹೆಂಡತಿಯ ತಮ್ಮ. ಮಂಡಿಗೆ ಪೆಟ್ಟಾಗಿ ಮನೆಯಲ್ಲಿದ್ದು ಬಂದಿದ್ದ. ಹತ್ತಿದ, ಕೆಡವಿದ, ಇಳಿದ. ಮೇಲೆ ತುದಿಯಲ್ಲಿ ಮಂಡಿ ಒಂದು ಸಲ ನಡುಗಿತ್ತು. ನೋಡಿದವರೆಲ್ಲ ನೋಡದ ಹಾಗೆ ಮುಖ ತಿರುಗಿಸಿದರು.

"ಅಲುಗಾಡ್ತು. ಆಗಲ್ಲ," ಅಂದ ಗಡಿಯಾರ, ಎಲ್ಲರ ಮುಂದೆ.

"ನಿನ್ನ ಭಾವಮೈದ ಕಣೋ," ಅಂದ ಮೇಸ್ತ್ರಿ.

"ಹಲಗೆಗೆ ನೆಂಟಸ್ತಿಕೆ ಗೊತ್ತಿಲ್ಲ."

ಅಂದಿನಿಂದ ಭಾವಮೈದ ಗೋದಾಮಿನ ಮೂಲೆಯಲ್ಲಿ, ನೀರಿನ ಪೀಪಾಯಿಯ ಪಕ್ಕ ಕೂತು ಹರಿದ ಮೂಟೆ ಹೊಲಿಯತೊಡಗಿದ. ಹೆಸರೂ ಬದಲಾಯಿತು: ಸೂಜಿ. ಅಕ್ಕನ ಮನೆಗೆ ಬರುತ್ತಿದ್ದ, ಉಣ್ಣುತ್ತಿದ್ದ, ಭಾವನ ಜೊತೆ ಮಾತ್ರ ಒಂದಕ್ಷರ ಆಡುತ್ತಿರಲಿಲ್ಲ. ಉಪ್ಪು ಬೇಕಾದರೆ ಅಕ್ಕನಿಗೆ ಹೇಳಿ, ಅಕ್ಕ ಗಂಡನಿಗೆ ಹೇಳಿ, ಉಪ್ಪು ಬರುತ್ತಿತ್ತು.

ಇನ್ನು ಕಾಲು ಹರಿದ ದಿನ. ಮಧ್ಯಾಹ್ನದ ಹೊತ್ತು. ಗಡಿಯಾರ ಮುಂದೆ, ಕೊಕ್ಕರೆ ಹಿಂದೆ, ಹಲಗೆಯ ಮೇಲೆ ನಾಲ್ವರು. ಟಕ್, ಟಕ್, ಟಕ್. ಆಮೇಲೆ ಟಪ್ ಎಂದು ಒಂದೇ ಸದ್ದು. ಎಷ್ಟು ಜೋರೆಂದರೆ, ಅಡ್ಡಪಟ್ಟಿ ಮುರಿಯಿತು ಎಂದುಕೊಂಡು ಕೆಳಗಿದ್ದವರು ಹಲಗೆಯ ಅಡಿಗೆ ಬಗ್ಗಿ ನೋಡಿದರು. ಗಡಿಯಾರ ಮೂಟೆಯನ್ನು ಪಕ್ಕಕ್ಕೆ ಎಸೆದಿದ್ದ. ಅಲ್ಲಿನ ರೂಢಿ ಅದು, ಬೀಳುವವನು ಮೂಟೆಯನ್ನು ಹಲಗೆಯ ಮೇಲೆ ಬಿಡಬಾರದು. ಎಸೆದು, ಅಲ್ಲೇ ಕುಕ್ಕರಗಾಲಲ್ಲಿ ಕೂತು, "ಹಿಂದಕ್ಕೆ ಇಳೀರಿ, ಮೆಲ್ಲಗೆ," ಅಂದ. ಪಾದ ಒಳಕ್ಕೆ ತಿರುಗಿ ಜೋತುಬಿದ್ದಿತ್ತು. ಹೊರಕ್ಕೆ ತಿರುಗಿಸಲು ನೋಡಿದ. ಬೇರೆ ಯಾರದೋ ಪಾದಕ್ಕೆ ಹೇಳಿದ ಹಾಗಾಯಿತು.

ಸರ್ಕಾರಿ ಆಸ್ಪತ್ರೆಯ ಮೂಳೆ ವಿಭಾಗದಲ್ಲಿ ಅವನನ್ನು ನೋಡಿದವಳು ಒಬ್ಬ ಡಾಕ್ಟರಮ್ಮ. ಮಾತು ಕಡಿಮೆ, ಆಡಿದ್ದು ನೇರ. ಟ್ಯೂಬಿನ ಪಟ್ಟಿ ಬಿಚ್ಚಿ, ಅದು ಚರ್ಮದಲ್ಲಿ ಕೊರೆದ ಗುರುತನ್ನು ಬೆರಳಿನಿಂದ ಸವರಿದಳು.

"ಇದು ಸದ್ದು ಮಾಡ್ತಿತ್ತಾ?"

"ಮಾಡ್ತಿತ್ತು. ಅದಕ್ಕೇ ನನ್ನ ಮುಂದೆ ಹಾಕಿದ್ರು," ಅಂದ ಗಡಿಯಾರ, ಸ್ವಲ್ಪ ಹೆಮ್ಮೆಯಿಂದಲೇ.

ಅವಳು ನಗಲಿಲ್ಲ. "ಈ ಎಲುಬಿನ ಹಿಂದೆ ಎರಡು ಟೆಂಡನ್ ಇರುತ್ತೆ. ಹಗ್ಗ ಅಂದ್ಕೊಳಿ. ಪಾದ ಒಳಕ್ಕೆ ಮಗುಚದ ಹಾಗೆ ಎಳೆದು ಹಿಡಿಯೋದು ಅವೇ. ನಿಮ್ಮದು ಉಳುಕಿದಾಗ ಅವುಗಳ ಹೊದಿಕೆ ಹರಿದಿದೆ. ಆಮೇಲೆ ಹೆಜ್ಜೆ ಇಟ್ಟಾಗೆಲ್ಲ ಹಗ್ಗ ಎಲುಬಿನ ಅಂಚು ದಾಟಿ ಹಾರಿ, ಮತ್ತೆ ಒಳಗೆ ಬಿದ್ದಿದೆ. ಆ ಟಕ್ ಅನ್ನೋದು ಅದೇ. ಒಂದೊಂದು ಸಲ ಹಾರಿದಾಗಲೂ ಒಂದೊಂದು ಎಳೆ ಸವೆದಿದೆ. ಮೇಲಿಂದ ಈ ರಬ್ಬರು ಬೇರೆ, ಗರಗಸದ ಮೇಲೆ ಒತ್ತಿ ಹಿಡಿದ ಹಾಗೆ."

ಗಡಿಯಾರ ಗೋಡೆ ನೋಡಿದ. ತಂಡದವರೆಲ್ಲ ತಾಳ ಹಾಕಿಕೊಂಡು ಹಿಂದೆ ನಡೆದದ್ದು ಈ ಗರಗಸಕ್ಕೆ.

ದಾರಿ ಎರಡಿತ್ತು. ಹಿಮ್ಮಡಿಯ ಮೂಳೆಗಳನ್ನು ಬೆಸೆದುಬಿಡುವುದು ಒಂದು. ಗಟ್ಟಿ, ಆದರೆ ಪಾದ ಅಕ್ಕಪಕ್ಕ ತಿರುಗುವುದಿಲ್ಲ, ಹಲಗೆಯನ್ನು ಮರೆಯಬೇಕು. ಇನ್ನೊಂದು, ಮೈಯ ಬೇರೆ ಕಡೆಯಿಂದ ಟೆಂಡನ್ ತೆಗೆದು ಇಲ್ಲಿಗೆ ಕಸಿ ಮಾಡುವುದು. ಹಿಡಿದರೆ ಹಿಡಿಯಿತು.

"ಎಲ್ಲಿಂದ ತೆಗೀತೀರಿ?"

"ಮಂಡಿ ಹಿಂದಿಂದ. ಅಲ್ಲೊಂದು ಇಲ್ಲದಿದ್ರೂ ಕಾಲು ನಡಿಯುತ್ತೆ."

"ಅಂದ್ರೆ ಇಷ್ಟು ದಿನ ಬದಲಿ ಸಾಮಾನು ನಾನೇ ಹೊತ್ಕೊಂಡು ತಿರುಗಿದೀನಿ. ಹೊರೋದು ಬಿಟ್ಟು ಇನ್ನೇನು ಬರುತ್ತೆ ನಂಗೆ!" ಅಂದ. "ಹಲಗೆ ಹತ್ತುತೀನಾ?"

"ನಡೀತೀರ. ಹಲಗೆ ವಿಷಯ ನಾನು ಹೇಳಲ್ಲ."

ಕಸಿಯನ್ನೇ ಮಾಡಿ ಅಂದ. ಹೆಂಡತಿ ಲಾಂಡ್ರಿಯಲ್ಲಿ ಇಸ್ತ್ರಿ ಹಾಕುವವಳು, ದಿನವಿಡೀ ನಿಂತೇ ಇರುವ ಕೆಲಸ. ಅವಳಿಗೆ ರಜೆ ಸಿಗಲಿಲ್ಲ. ಆಪರೇಷನ್ ದಿನ ಆಸ್ಪತ್ರೆಯಲ್ಲಿ ಜೊತೆಗಿದ್ದವನು ಸೂಜಿ. ಅಕ್ಕ ಹೇಳಿದಳು, ಬಂದ. ಬೆಳಗಿನಿಂದ ಬೆಂಚಿನ ಮೇಲೆ ಭಾವನ ಪಕ್ಕ ಕೂತು, ಒಂದು ಮಾತಾಡದೆ, ಸ್ಟ್ರೆಚರ್ ಬಂದಾಗ ಭಾವನ ಚಪ್ಪಲಿ ಎತ್ತಿಕೊಂಡು ಬಗಲಲ್ಲಿ ಇಟ್ಟುಕೊಂಡ.

ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದಿಂದ ಕೆಳಗೆ ಮರಗಟ್ಟಿಸಿದರು. ಎಚ್ಚರವಿತ್ತು. ಹಸಿರು ಬಟ್ಟೆಯ ಆಚೆ ಏನು ನಡೆಯುತ್ತಿದೆ ಎಂದು ಕಾಣದಿದ್ದರೂ ಡಾಕ್ಟರಮ್ಮ ಜೊತೆಯವರಿಗೆ ಹೇಳುತ್ತಿದ್ದದ್ದು ಕೇಳುತ್ತಿತ್ತು. ಒಂದು ಟೆಂಡನ್ ತುಂಡಾಗಿ ಮೇಲಕ್ಕೆ ಸೇದಿಹೋಗಿದೆ. ಇನ್ನೊಂದು ನೆನೆದ ಸೆಣಬಿನ ಹಾಗೆ ಎಳೆಎಳೆ, ಹೊಲಿಗೆ ನಿಲ್ಲುವುದಿಲ್ಲ. ಕೊಳೆತದ್ದನ್ನೆಲ್ಲ ಗಟ್ಟಿಯಾದ ಬಿಳಿ ಎಳೆ ಬರುವವರೆಗೆ ಕತ್ತರಿಸಿದರು. ನಡುವೆ ಅಂಗೈಯುದ್ದ ಖಾಲಿ. ಮಂಡಿಯ ಕೆಳಗೆ ಸಣ್ಣ ಗಾಯ ಮಾಡಿ, ಮಂಡಿ ಹಿಂದಿನ ಟೆಂಡನ್ನನ್ನು ಉದ್ದನೆಯ ಬಿಳಿ ದಾರದ ಹಾಗೆ ಎಳೆದರು. ಅದನ್ನು ಒರೆಸಿ, ಮಡಚಿ, ಉಳಿದ ತುದಿಗಳಲ್ಲಿ ಸೀಳು ಮಾಡಿ ಒಳಗೆ ಹೊರಗೆ ನೇಯ್ದು ಹೊಲಿದರು. ಹಗ್ಗ ಮತ್ತೆ ಹಾರದಿರಲಿ ಎಂದು ಎಲುಬಿನ ಹಿಂದಿನ ಕಾಲುವೆಯನ್ನು ಉಳಿ ಹಿಡಿದು ಆಳ ಮಾಡಿದರು. ಆ ಸುತ್ತಿಗೆಯ ಸದ್ದು ಅವನಿಗೆ ಪಕ್ಕದ ಮನೆಯವರು ಗೋಡೆಗೆ ಮೊಳೆ ಹೊಡೆದಂತೆ ಕೇಳಿಸಿತು. ಕೊನೆಗೆ ಪಾದವನ್ನು ಹಿಡಿದು ಆಚೆ ಈಚೆ ತಿರುಗಿಸಿದರು.

"ಸದ್ದು?" ಎಂದು ಬಟ್ಟೆಯ ಈಚೆಯಿಂದ ಕೇಳಿದ.

"ಇಲ್ಲ," ಅಂದಳು ಡಾಕ್ಟರಮ್ಮ. "ಇನ್ನು ಬರಬಾರದು."

ಮನೆಯೆಂದರೆ ಒಂದು ಕೋಣೆ, ಕಿಟಕಿಯಾಚೆ ಇನ್ನೊಬ್ಬರ ಗೋಡೆ. ಪ್ಲಾಸ್ಟರಿನ ಕಾಲನ್ನು ದಿಂಬಿನ ಮೇಲಿಟ್ಟುಕೊಂಡು ಆ ಗೋಡೆಯನ್ನು ನೋಡುತ್ತ ಅವನು ದಿನ ತಳ್ಳಿದ. ಒಳಗೆ ತುರಿಸಿದರೆ ಹೆಂಡತಿಯ ಹೆಣಿಗೆ ಕಡ್ಡಿ. ಗೋದಾಮಿನಿಂದ ಕಾಗದ ಬಂತು: ಕಾಲಿನ ಸದ್ದು ಮೊದಲಿಂದಲೂ ಇದ್ದದ್ದರಿಂದ ಇದು ಕೆಲಸದಲ್ಲಿ ಆದ ಗಾಯವಲ್ಲ, ಸ್ವಂತ ಕಾಯಿಲೆ, ಪರಿಹಾರ ಇಲ್ಲ. ಸದ್ದನ್ನು ಕೇಳಿಕೊಂಡೇ ವ್ಯಾಗನ್ ಖಾಲಿ ಮಾಡಿಸಿಕೊಂಡವರು ಬರೆದ ಮಾತು! ಕೊಕ್ಕರೆ ಒಮ್ಮೆ ಬಂದು ಕಾಗದ ಓದಿ, ಎರಡು ಬೈಗುಳ ಬೈದು, ಈಗ ಮುಂದೆ ತಾನಿದ್ದೇನೆ ಎಂದು ನೆಲ ನೋಡುತ್ತ ಹೇಳಿ ಹೋದ.

ಪ್ಲಾಸ್ಟರು ಬಿಚ್ಚಿದಾಗ ಕಾಲು ಕೋಲಾಗಿತ್ತು. ಊರುಗೋಲು, ಆಮೇಲೆ ದಪ್ಪ ಬೂಟು, ಆಮೇಲೆ ಕಸರತ್ತು. ಪಾದಕ್ಕೆ ರಬ್ಬರು ಪಟ್ಟಿ ಸಿಕ್ಕಿಸಿ ಹೊರಕ್ಕೆ ಎಳೆಯಬೇಕು. ಅದೂ ಸೈಕಲ್ ಟ್ಯೂಬಿನದೇ, ಮನೆಯಲ್ಲಿದ್ದದ್ದು ಅದೊಂದೇ. ದಿನ ಹೋದಂತೆ ಕಸಿ ಹಿಡಿಯಿತು. ಎಳೆದರೆ ಪಾದ ತಿರುಗುತ್ತಿತ್ತು, ಒಂದು ಕಾಲಲ್ಲಿ ನಿಂತರೆ ನಿಲ್ಲುತ್ತಿತ್ತು. ಡಾಕ್ಟರಮ್ಮನಿಗೂ ಸಂತೋಷವಾಯಿತು.

ಆದರೆ ಪಾದದ ಹೊರ ಅಂಚು, ಕಿರುಬೆರಳಿನಿಂದ ಹಿಮ್ಮಡಿಯವರೆಗೆ, ಮರಗಟ್ಟಿಯೇ ಇತ್ತು. ಗಾಯದ ಪಕ್ಕದಲ್ಲೇ ಹಾದುಹೋಗುವ ನರ ಪೆಟ್ಟು ತಿಂದಿದೆ, ತಿಳಿವು ಮರಳಬಹುದು, ಮರಳದೆಯೂ ಇರಬಹುದು ಅಂದಿದ್ದಳು ಅವಳು.

ಒಂದು ಸಂಜೆ ಹೆಂಡತಿಗೆ ಪಿನ್ನು ಕೊಟ್ಟು, ಮುಖ ಆಚೆ ತಿರುಗಿಸಿ ಕೂತ.

"ಚುಚ್ಚು."

ಸ್ವಲ್ಪ ಹೊತ್ತಾಯಿತು.

"ಚುಚ್ಚೇ ಅಂದ್ರೆ."

"ಚುಚ್ಚಿ ಆಯ್ತು," ಅಂದಳು. ತಿರುಗಿ ನೋಡಿದರೆ ರಕ್ತದ ಚುಕ್ಕಿ ಇತ್ತು. ಅವಳು ಅದನ್ನು ಸೆರಗಿನಿಂದ ಒರೆಸಿದಳು. "ಹಲಗೆ ಸಹವಾಸ ಸಾಕು. ಮೂಲೇಲಿ ಹೊಲಿಯೋ ಕೆಲಸ ಕೇಳು."

"ಮೂಲೇಲಿ ಕೂತು ಸಾಯಕ್ಕೆ ಕಸಿ ಮಾಡಿಸ್ಕೊಂಡ್ನಾ?"

"ಅಲ್ಲಿ ನನ್ನ ತಮ್ಮ ಕೂತಿದಾನೆ. ಅವನು ಸತ್ತಿಲ್ಲ."

ಅವನು ಮರುದಿನದಿಂದ ಬೀದಿಯ ಚರಂಡಿಯ ಕಟ್ಟೆಯ ಮೇಲೆ, ತಲೆಗೆ ಮರಳು ತುಂಬಿದ ಬಕೆಟ್ಟು ಇಟ್ಟುಕೊಂಡು ನಡೆಯತೊಡಗಿದ. ನೋಡಿದವರು ಮೊದಲು ನಕ್ಕರು. ಚರಂಡಿಗೆ ಬಿದ್ದಾಗ ಎತ್ತಿದರು. ನಾಕಾರು ಸಲ ಬಿದ್ದ ಮೇಲೆ ಅವನೊಂದು ಉಪಾಯ ಕಂಡುಕೊಂಡ: ಪಾದ ಹೇಳದಿದ್ದರೆ ಬೇಡ, ಲೆಕ್ಕ ಹೇಳುತ್ತದೆ. ಗೋದಾಮಿನ ಹಲಗೆ ಅವನಿಗೆ ಬಾಯಿಪಾಠ. ಎಲ್ಲಿ ಬಳುಕುತ್ತದೆ, ಎಷ್ಟನೇ ಪಟ್ಟಿಯ ಮೊಳೆ ಎದ್ದಿದೆ, ಎಲ್ಲ. ಪಟ್ಟಿಗಳನ್ನು ಎಣಿಸಿಕೊಂಡು ನೇರ ನಡೆದರೆ ಅಂಚಿನ ಗೊಡವೆ ಯಾಕೆ?

ಪರೀಕ್ಷೆಯ ಬೆಳಿಗ್ಗೆ ತಂಡವೆಲ್ಲ ಹಲಗೆಯ ಸುತ್ತ ನಿಂತಿತ್ತು. ಮೇಸ್ತ್ರಿ ಬೀಡಿ ಆರಿಸಿದ.

"ಟಕ್ ಅನ್ನಲ್ವಂತೆ ಈಗ," ಅಂದ ಒಬ್ಬ.

"ಬ್ಯಾಟರಿ ಗಡಿಯಾರ ಕಣೋ, ಸದ್ದು ಮಾಡಲ್ಲ," ಅಂದ ಕೊಕ್ಕರೆ. ಎಲ್ಲರೂ ಬೇಕಾದ್ದಕ್ಕಿಂತ ಹೆಚ್ಚೇ ನಕ್ಕರು.

ಇಬ್ಬರು ಮೂಟೆ ಎತ್ತಿ ತಲೆಗಿಟ್ಟರು. ಕುತ್ತಿಗೆ ಹಳೆಯ ಭಾರವನ್ನು ಗುರುತು ಹಿಡಿಯಿತು. ಗಡಿಯಾರ ಹತ್ತಿದ. ಕಣ್ಣು ಎದುರಿನ ಗೋಡೆಯ ಬಿರುಕಿನ ಮೇಲೆ, ಮನಸ್ಸು ಪಟ್ಟಿಗಳ ಮೇಲೆ. ಬಳುಕು ಬಂತು, ದಾಟಿದ. ಎದ್ದ ಮೊಳೆ ಬಂತು, ದಾಟಿದ. ತುದಿ ಮುಟ್ಟಿ ಮೂಟೆಯನ್ನು ಪೇರಿಕೆಯ ಮೇಲೆ ದೊಪ್ಪೆಂದು ಕೆಡವಿದಾಗ ಕೆಳಗೆ ಸಿಳ್ಳೆ ಬಿತ್ತು. ಆಚೆಯ ಹಲಗೆಯಿಂದ ಇಳಿದು ಬಂದ. ಕಾಲು ನಡುಗಿರಲಿಲ್ಲ.

"ಏನಂತೀರಿ?" ಅಂದ ಮೇಸ್ತ್ರಿ.

"ಇನ್ನೇನು ಅನ್ನೋದು, ಸೈ!" ಅಂದರು ಎಲ್ಲ ಒಂದೇ ಬಾಯಲ್ಲಿ. ಸೈ ಅನ್ನಬೇಕೆಂದು ಮೊದಲೇ ಬಂದಿದ್ದರು ಅವರು. ಕೊಕ್ಕರೆ ತಾನಾಗಿಯೇ ಸಾಲಿನಲ್ಲಿ ಎರಡನೆಯ ಜಾಗಕ್ಕೆ ಸರಿದ.

ಗಡಿಯಾರ ನೀರು ಕುಡಿಯಲು ಪೀಪಾಯಿಯ ಹತ್ತಿರ ಹೋದ. ಸೂಜಿ ಎಂದಿನ ಹಾಗೆ ನೆಲದ ಮೇಲೆ ಕೂತು, ಗೋಣಿದಾರ ಪೋಣಿಸುತ್ತಿದ್ದ. ಅಲ್ಲಿಂದ ನೋಡಿದರೆ ಹಲಗೆ ಕೆಳಗಿನಿಂದ ಚೆನ್ನಾಗಿ ಕಾಣುತ್ತಿತ್ತು, ಅದರ ಬಲ ಅಂಚು ಎದುರಿಗೇ. ತಲೆಯೆತ್ತದೆ, ಪಕ್ಕದವನಿಗೂ ಕೇಳಿಸದ ದನಿಯಲ್ಲಿ ಅವನು ಮಾತಾಡಿದ. ಅಷ್ಟು ಕಾಲದ ಮೇಲೆ ಮೊದಲ ಮಾತು.

"ಭಾವ, ನಡುವೆ ಎರಡು ಸಲ ಅರ್ಧ ಪಾದ ಹಲಗೆಯಿಂದ ಆಚೆ ಇತ್ತು. ಗೊತ್ತಾಯ್ತಾ?"

ಗಡಿಯಾರ ಲೋಟವನ್ನು ಪೀಪಾಯಿಯ ಮೇಲಿಟ್ಟ. ಗೊತ್ತಾಗಿರಲಿಲ್ಲ.

"ಯಾರಿಗಾದ್ರೂ ಹೇಳ್ತೀಯಾ?"

"ನಾನ್ಯಾಕೆ ಹೇಳ್ಲಿ," ಅಂದ ಸೂಜಿ, ದಾರದ ತುದಿ ಕಚ್ಚಿ ತುಂಡು ಮಾಡುತ್ತ. "ಕಟ್ಟಳೆ ನಿಂದು."

"ಏ, ಬಾರೋ ಗಡಿಯಾರ, ವ್ಯಾಗನ್ ಕಾಯ್ತಿದೆ!" ಎಂದು ಮೇಸ್ತ್ರಿ ಕೂಗಿದ.

ಹೋದ. ತಲೆಗೆ ಮೂಟೆ ಬಂತು. ಬೆನ್ನ ಹಿಂದೆ ಕೊಕ್ಕರೆಯ ಉಸಿರು, ಅವನ ಹಿಂದೆ ಇನ್ನೂ ಇಬ್ಬರು, ಅವರ ಹಿಂದೆ ಇಡೀ ಸಾಲು. ಆ ಜಾಗ ಅವನದೇ. ಅದಕ್ಕಾಗಿಯೇ ಕಾಲು ಸೀಳಿಸಿಕೊಂಡಿದ್ದ, ಚರಂಡಿಗೆ ಬಿದ್ದಿದ್ದ. ಮೊದಲ ಪಟ್ಟಿಯ ಮೇಲೆ ಬಲಗಾಲಿಟ್ಟ. ಈಗ ಎಣಿಸಲಿಲ್ಲ. ಅಂಚು ಎಲ್ಲಿದೆ ಎಂದು ಪಾದವನ್ನು ಕೇಳಿದ. ಎರಡನೆಯದರ ಮೇಲೂ ಕೇಳಿದ. ಹೆಬ್ಬೆರಳಿನ ಕಡೆ ಮರ ಇತ್ತು. ಕಿರುಬೆರಳಿನ ಕಡೆ ಮರವಿದೆಯೋ ಗಾಳಿಯಿದೆಯೋ ತಿಳಿಯಲಿಲ್ಲ. ಹಿಂದೆ ಕೊಕ್ಕರೆಯ ಕಾಲು ಹಲಗೆಗೆ ಬಿದ್ದು, ಹಲಗೆ ಬಳುಕಿತು.

ಗಡಿಯಾರ ಮೂಟೆಯನ್ನು ಎಡಕ್ಕೆ ಎಸೆದ.

ಅದು ನೆಲಕ್ಕೆ ಬಿದ್ದು ಒಡೆದು, ಗೊಬ್ಬರದ ಬಿಳಿ ಕಾಳು ಎಲ್ಲರ ಕಾಲಡಿಗೆ ಹರಿಯಿತು.

"ಜಾರಿದ್ಯೇನೋ?" ಕೊಕ್ಕರೆ ಗಾಬರಿಯಿಂದ ಕೂಗಿದ.

"ಇಲ್ಲ. ಎಸೆದೆ." ಹಲಗೆಯಿಂದ ಇಳಿದು, ಅಂದು ಭಾವಮೈದನ ಬಗ್ಗೆ ಹೇಳಿದ ದನಿಯಲ್ಲೇ ಹೇಳಿದ. "ಪಾದಕ್ಕೆ ಅಂಚು ತಿಳೀತಿಲ್ಲ. ಆಗಲ್ಲ."

"ನಾವೆಲ್ಲ ಸೈ ಅಂದ್ವಲ್ಲೋ," ಅಂದ ಮೇಸ್ತ್ರಿ.

"ನೀವಲ್ಲ ಬೀಳೋದು. ಇವನು," ಎಂದು ಕೊಕ್ಕರೆಯನ್ನು ತೋರಿಸಿದ.

ಕೊಕ್ಕರೆ ಹೊತ್ತ ಮೂಟೆ ಇಳಿಸದೆ ಹತ್ತತೊಡಗಿದ. ಸಾಲು ಅವನ ಹಿಂದೆ ಸರಿಯಿತು. ತಾಳ ಹಿಡಿಯಲು ಯಾರೋ ಹೂಂ, ಹೂಂ ಎನ್ನುತ್ತಿದ್ದರು. ನಡೆ ಒಂದಿಷ್ಟು ಬಿರುಸಾಯಿತು ಎಂದು ಗಡಿಯಾರನಿಗೆ ಅನ್ನಿಸಿತು. ಹೇಳುವ ಹಕ್ಕು ಈಗ ಅವನದಲ್ಲ.

ಒಡೆದ ಮೂಟೆಯನ್ನು ಎಳೆದುಕೊಂಡು ಅವನು ಮೂಲೆಗೆ ಬಂದ. ಸೂಜಿ ಕೂತಿದ್ದ ಗೋಣಿಯಲ್ಲಿ ಸ್ವಲ್ಪ ಆಚೆ ಸರಿದ. ಮಂಡಿ ಪೂರ್ತಿ ಮಡಚಲಾರದ ಕಾಲು ಸೂಜಿಯದು, ಹೊಲಿಗೆ ಬಿದ್ದ ಪಾದ ಇವನದು. ಇಬ್ಬರೂ ಕಾಲು ಮುಂದೆ ಚಾಚಿಕೊಂಡೇ ಕೂರಬೇಕಾಯಿತು. ಸೂಜಿ ಡಬ್ಬದಿಂದ ಇನ್ನೊಂದು ಡಬ್ಬಣ ತೆಗೆದು, ದಾರ ಪೋಣಿಸಿ ಭಾವನ ಕೈಗಿಟ್ಟ. ಗಡಿಯಾರ ಹರಿದ ಬಾಯಿಯನ್ನು ಕೂಡಿಸಿ ಹೊಲಿಯತೊಡಗಿದ. ಎಳೆದಾಗ ಚೀಲದ ಎಳೆಗಳು ಬಿಟ್ಟುಕೊಂಡವು.

ಸೂಜಿ ಒಂದಷ್ಟು ಹೊತ್ತು ನೋಡಿದ.

"ಸವೆದಿರೋ ಕಡೆ ಹೊಲಿಗೆ ನಿಲ್ಲಲ್ಲ," ಅಂದ. "ಬಿಚ್ಚು. ಗಟ್ಟಿ ಇರೋ ತನಕ ಕತ್ತರಿಸು. ಆಮೇಲೆ ತೇಪೆ ಹಾಕೋಣ."

ಗಡಿಯಾರ ಬಿಚ್ಚಿದ.